ಭೀಮಾ ನದಿಯಲ್ಲಿ ಸಿಕ್ಕ ವಿಚಿತ್ರ ಮೀನು ವಿದೇಶಿಯೇ? ಉತ್ತರ ಹುಡುಕಿದರೆ ಸಿಗುವವರು ಕರ್ನಲ್ ಸೈಕ್ಸ್

ಮಳೆಗಾಲ ಬಂತೆಂದರೆ ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಮೀನಿನದ್ದೊಂದು ಇದ್ದೇ ಇರುತ್ತದೆ. ಮೈಯೆಲ್ಲ ಗಟ್ಟಿ ಚಿಪ್ಪು, ಹೊಟ್ಟೆಯ ಕಡೆಗೆ ಬಟ್ಟಲಿನಂತಹ ಬಾಯಿ, ಕಂದು ಬಣ್ಣದ ಮೇಲೆ ಹಾವಿನ ಮೈಯಂತಹ ಗೆರೆಗಳು. ಕೆಳಗೊಂದು ಬರಹ: ಇದು ಚೀನಾದ ವಿಷದ ಮೀನು, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಕೆಳಗೆ ಸಿಕ್ಕಿದೆ, ಭೀಮಾ ನದಿಯ ಮೀನು ತಿನ್ನಬೇಡಿ, ತಿಂದರೆ ಕ್ಯಾನ್ಸರ್ ಬರುತ್ತದೆ, ಎಲ್ಲರಿಗೂ ತಿಳಿಸಿ. ಅದೇ ಫೋಟೊ ಮುಂದಿನ ವಾರ ಬೇರೆ ನದಿಯ ಹೆಸರು ಹೊತ್ತು ಬರುತ್ತದೆ.

ಫೋಟೊದಲ್ಲಿರುವುದು ಸಕ್ಕರ್ ಮೀನು. ಮನೆಯ ಗಾಜಿನ ತೊಟ್ಟಿಯ ಪಾಚಿ ತಿನ್ನಲಿ ಎಂದು ಜನ ಸಾಕುವ ಮೀನು ಇದು. ಇದರ ಮೂಲ ದಕ್ಷಿಣ ಅಮೆರಿಕ, ಚೀನಾ ಅಲ್ಲ. ವಿಷದ ಮೀನೂ ಅಲ್ಲ. ತೊಟ್ಟಿಗೆ ದೊಡ್ಡದಾಯಿತೆಂದು ಯಾರೋ ಕೆರೆಗೆ ಬಿಡುತ್ತಾರೆ, ಕೆರೆ ತುಂಬಿ ಹರಿದಾಗ ಅದು ನದಿ ಸೇರುತ್ತದೆ. ಭಾರತದ ಹಲವು ನದಿ, ಕೆರೆಗಳಲ್ಲಿ ಹೀಗೆಯೇ ಬೇರೂರಿದೆ. ಕ್ಯಾನ್ಸರ್ ಮಾತಿಗೆ ಆಧಾರವಿಲ್ಲ. ಕೊಳಕು ನೀರಿನ ತಳದಲ್ಲಿ ಮೇಯುವ ಯಾವ ಮೀನಿನಲ್ಲಾದರೂ ಆ ನೀರಿನ ಲೋಹಗಳು ಸೇರಬಹುದು, ಆದರೆ ಅದು ನೀರಿನ ದೋಷ, ಮೀನಿನ ಜಾತಿಯದ್ದಲ್ಲ.

ಫ್ಯಾಕ್ಟ್‌ಚೆಕ್ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಫಾರ್ವರ್ಡ್ ಓದಿದ ಮೀನುಗಾರ ಒಬ್ಬರು ಕೇಳಬಹುದಾದ ಪ್ರಶ್ನೆಯೊಂದಿದೆ. ಸಕ್ಕರ್ ಹೊರಗಿನದು ಸರಿ, ಹಾಗಾದರೆ ಬಲೆಗೆ ದಿನವೂ ಬೀಳುವ ಜಿಲೇಬಿ? ಸಾಮಾನ್ಯ ಗೆಂಡೆ? ರೋಹು? ಭೀಮೆಯ ಸ್ವಂತ ಮೀನು ಯಾವುದು ಎಂದು ಹೇಳುವವರು ಯಾರು?

ಹೊರಗಿನವರನ್ನು ಗುರುತಿಸಬೇಕಾದರೆ ಮೊದಲು ಮನೆಯವರ ಪಟ್ಟಿ ಬೇಕು. ಭೀಮಾ ಕಣಿವೆಯ ಮೀನುಗಳ ಮೊದಲ ವೈಜ್ಞಾನಿಕ ಪಟ್ಟಿ ಮಾಡಿದವರು ಮೀನಿನ ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಸೇನಾಧಿಕಾರಿ. ಹೆಸರು ವಿಲಿಯಂ ಹೆನ್ರಿ ಸೈಕ್ಸ್.

ಯುದ್ಧ ಮಾಡಿದ ನದಿ, ಮೀನು ಎಣಿಸಿದ ನದಿ

ಸೈಕ್ಸ್ ಹುಟ್ಟಿದ್ದು 1790ರ ಜನವರಿ 25ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಕುಟುಂಬದಲ್ಲಿ. ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದ್ದು 1803ರಲ್ಲಿ. ಅಂದರೆ ನಮ್ಮ ಲೆಕ್ಕದಲ್ಲಿ ಎಂಟನೇ ಕ್ಲಾಸಿನ ಹುಡುಗ. ಮರುವರ್ಷ ಬಾಂಬೆ ಸೈನ್ಯದಲ್ಲಿ ಹುದ್ದೆ, 1805ರಲ್ಲಿ ಭರತಪುರದ ಕೋಟೆಗೆ ಹಾಕಿದ ಮುತ್ತಿಗೆಯಲ್ಲಿ ಪಾಲು. ಹಿಂದೂಸ್ತಾನಿ ಮತ್ತು ಮರಾಠಿ ಕಲಿತರು. ಈ ಮರಾಠಿ ಮುಂದೆ ಮೀನಿನ ವಿಷಯಕ್ಕೆ ಬಂದಾಗ ತುಂಬ ಮುಖ್ಯವಾಗುತ್ತದೆ.

1817ರ ನವೆಂಬರ್‌ನಲ್ಲಿ ಪುಣೆಯ ಪಕ್ಕದ ಖಡ್ಕಿಯಲ್ಲಿ ಪೇಶ್ವೆ ಸೈನ್ಯಕ್ಕೂ ಕಂಪನಿಗೂ ಯುದ್ಧವಾಯಿತು. ಸೈಕ್ಸ್ ಅಲ್ಲಿದ್ದರು. ಪೇಶ್ವೆ ಆಡಳಿತ ಮುಗಿಯಿತು, ದಖನ್ನಿನ ದೊಡ್ಡ ಭಾಗ ಕಂಪನಿಯ ಕೈಗೆ ಬಂತು. ಖಡ್ಕಿ ಇರುವುದು ಮುಳಾ ನದಿಯ ದಡದಲ್ಲಿ. ಮುಳಾ ಪುಣೆಯಲ್ಲಿ ಮುಠಾ ನದಿಯನ್ನು ಕೂಡಿ ಮುಂದೆ ಭೀಮೆಗೆ ಸೇರುತ್ತದೆ. ಆ ನೀರೇ ಉಜನಿ, ಪಂಢರಪುರ ದಾಟಿ ನಮ್ಮ ಸೊನ್ನಕ್ಕೆ, ದೇವಲ ಗಾಣಗಾಪುರಕ್ಕೆ ಬರುವುದು. ಯುದ್ಧವಾದ ಕೆಲವೇ ವರ್ಷಗಳಲ್ಲಿ ಅದೇ ನೀರಿನ ಮೀನುಗಳನ್ನು ಸೈಕ್ಸ್ ಎಣಿಸಲು ಕೂತರು.

ನಡುವೆ 1820ರಿಂದ ನಾಲ್ಕು ವರ್ಷ ಯೂರೋಪ್ ಸುತ್ತಿ, ಮದುವೆಯಾಗಿ, 1824ರಲ್ಲಿ ವಾಪಸ್ ಬಂದರು. ಆಗ ಬಾಂಬೆಯ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಎಷ್ಟು ಜನ, ಎಷ್ಟು ಹೊಲ, ಯಾವ ಬೆಳೆ, ಯಾವ ತೆರಿಗೆ ಎಂಬ ಲೆಕ್ಕ ಕಂಪನಿಗೆ ಬೇಕಿತ್ತು. ಆ ಕೆಲಸಕ್ಕೆ ಸಂಖ್ಯಾಶಾಸ್ತ್ರದ ವರದಿಗಾರ ಎಂಬ ಹುದ್ದೆ ಮಾಡಿ ಸೈಕ್ಸ್ ಅವರನ್ನು ಕೂರಿಸಿದರು. ಇದರಲ್ಲಿ ಪರೋಪಕಾರ ಹುಡುಕಬೇಕಾಗಿಲ್ಲ. ಕಂದಾಯ ಎಷ್ಟು ಎತ್ತಬಹುದು ಎಂದು ತಿಳಿಯಲು ಮಾಡಿಸಿದ ಲೆಕ್ಕ ಅದು. ಪುಣೆ, ಅಹಮದ್‌ನಗರ, ಖಾನದೇಶ, ಧಾರವಾಡ ಈ ನಾಲ್ಕು ಕಲೆಕ್ಟರೇಟುಗಳು ಅವರ ವ್ಯಾಪ್ತಿ. ಹೌದು, ನಮ್ಮ ಧಾರವಾಡವೂ ಸೇರಿ. ಅಫಜಲಪುರ, ಆಳಂದ, ಜೇವರ್ಗಿಯ ಕಡೆ ಆಗ ನಿಜಾಮರದ್ದು, ಹಾಗಾಗಿ ಅದು ಅವರ ಲೆಕ್ಕದ ಹೊರಗೆ ಉಳಿಯಿತು. ಮೀನುಗಳಿಗೆ ಈ ಗಡಿ ಗೊತ್ತಿರಲಿಲ್ಲ.

ಸೈಕ್ಸ್ ಹೇಳಿದಷ್ಟೇ ಮಾಡಿ ಸುಮ್ಮನಿರುವ ಅಧಿಕಾರಿಯಲ್ಲ. ಜನರನ್ನು ಎಣಿಸುತ್ತ ಹೋದವರು ಹಕ್ಕಿಗಳನ್ನೂ ಎಣಿಸಿದರು. ಗಾಳಿಯ ಒತ್ತಡ ದಿನದಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂದು ವರ್ಷಗಟ್ಟಲೆ ಬರೆದಿಟ್ಟರು. ದಖನ್ನಿನ ಹವೆಯ ಕುರಿತ ಆ ಲೇಖನ 1835ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಬೆಟ್ಟದ ಎತ್ತರ ಅಳೆಯಲು ದುಬಾರಿ ಬ್ಯಾರೋಮೀಟರ್ ಬೇಕಿಲ್ಲ, ನೀರು ಎಷ್ಟು ಶಾಖಕ್ಕೆ ಕುದಿಯುತ್ತದೆ ಎಂದು ಸಾಮಾನ್ಯ ಥರ್ಮಾಮೀಟರಿನಲ್ಲಿ ನೋಡಿದರೂ ಆದೀತು ಎಂದು ತೋರಿಸಿದವರಲ್ಲಿ ಅವರೂ ಒಬ್ಬರು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದಲ್ಲ, ಅದೇ ಲೆಕ್ಕ.

ಗದ್ದೆಯ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ ಮಣ್ಣಿನ ಬಣ್ಣಕ್ಕೆ ಕುಳಿತು, ಹಾರಿದಾಗ ಮಾತ್ರ ಬಿಳಿ ರೆಕ್ಕೆ ತೋರಿಸುವ ಕೊಳದ ಬಕವನ್ನು ನೀವು ಸಾವಿರ ಸಲ ನೋಡಿರುತ್ತೀರಿ. ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟು 1832ರಲ್ಲಿ ಪ್ರಕಟಿಸಿದವರು ಇದೇ ಸೈಕ್ಸ್. ಬಯಲುಸೀಮೆಯ ನೆಲಗುಬ್ಬಿಯೊಂದಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ ಸೈಕ್ಸ್‌ನ ಲಾರ್ಕ್ ಎಂದೇ ಹೆಸರು. ದಖನ್ನಿನ ಕಾಡುನಾಯಿಯನ್ನೂ ವಿವರಿಸಿದರು.

1829ರ ಡಿಸೆಂಬರ್‌ನಲ್ಲಿ ಖರ್ಚು ಉಳಿಸಬೇಕೆಂದು ಕಂಪನಿ ಆ ಹುದ್ದೆಯನ್ನೇ ರದ್ದು ಮಾಡಿತು. ಸೈಕ್ಸ್ ಬಿಡಲಿಲ್ಲ. ಕೆಲಸ ಮುಂದುವರಿಸಿ 1831ರ ಜನವರಿಯಲ್ಲಿ ಮುಗಿಸಿ, ಆಮೇಲೆ ಊರಿಗೆ ಹಡಗು ಹತ್ತಿದರು. ಹಾಗೆ ಬಿಡದೆ ಹಿಡಿದದ್ದರಿಂದ ನಮಗೆ ಉಳಿದದ್ದರಲ್ಲಿ ಒಂದು ಮೀನಿನ ಪಟ್ಟಿ.

ಮೀನುಗಾರರ ಬಾಯಿಂದ ಬಂದ ಹೆಸರುಗಳು

ಆ ಪಟ್ಟಿಯನ್ನು ಅವರು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಇಟ್ಟದ್ದು 1838ರಲ್ಲಿ, ಅಚ್ಚಾದದ್ದು 1839ರಲ್ಲಿ. ಚಿತ್ರಗಳ ಸಮೇತ ಪೂರ್ಣ ಲೇಖನ 1841ರಲ್ಲಿ ಬಂತು. ನಲವತ್ತಕ್ಕೂ ಹೆಚ್ಚು ಬಗೆಯ ಸಿಹಿನೀರಿನ ಮೀನುಗಳು, ಬಹುಪಾಲು ವಿಜ್ಞಾನಕ್ಕೆ ಹೊಸವು. ಕೆಲವು ಪುಣೆಯ ಮುಳಾ ಮುಠಾ ನದಿಯವು, ಕೆಲವು ಭೀಮಾ ದಂಡೆಯ ಪೇಡಗಾಂವ್‌ನವು.

ಆ ಕಾಲದ ಯೂರೋಪಿನವರು ಹೊಸ ಜೀವಿ ಕಂಡರೆ ಗ್ರೀಕ್, ಲ್ಯಾಟಿನ್ ಹೆಸರು ಹುಡುಕುತ್ತಿದ್ದರು, ಇಲ್ಲವೇ ಗೆಳೆಯರ ಹೆಸರು ಇಡುತ್ತಿದ್ದರು. ಸೈಕ್ಸ್ ಗೆಳೆಯರನ್ನು ಮರೆತರೆಂದಲ್ಲ, ದೊಡ್ಡ ಬಾಯಿಯ ಒಂದು ಕ್ಯಾಟ್‌ಫಿಶ್‌ಗೆ ಲಂಡನ್ನಿನ ನಿಸರ್ಗತಜ್ಞ ಯಾರೆಲ್ ಅವರ ಹೆಸರಿದೆ. ಆದರೆ ಪಟ್ಟಿಯ ಹೆಚ್ಚಿನ ಹೆಸರುಗಳು ದಡದ ಮೀನುಗಾರರು ಹೇಳಿದ ಮರಾಠಿ ಹೆಸರುಗಳು. ಖುದ್ರಿ, ಕೋಲಸ್, ಮುಲ್ಯಾ, ತಾಕ್ರಿ, ಬಾಲೂಕಿ, ಪೊಟೇಲ್, ನುಕ್ತಾ, ಮುಸುಲ್ಲಾ. ಇಂದು ಜಪಾನಿನ ವಿಜ್ಞಾನಿ ದಖನ್ನಿನ ಮಹಶೀರ್ ಮೀನಿನ ಬಗ್ಗೆ ಬರೆದರೂ ಟಾರ್ ಖುದ್ರಿ ಎಂದೇ ಬರೆಯಬೇಕು. ಪುಣೆಯ ಯಾವ ಬೆಸ್ತರು ಆ ಹೆಸರು ಹೇಳಿದರೋ ಅವರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಒಂದು ಸಣ್ಣ ಎಚ್ಚರಿಕೆ: ಪಟ್ಟಿಯಲ್ಲಿ ರೋಹ್ತಿ ಎಂಬ ಹೆಸರು ಕಂಡು ಅದು ನಮ್ಮ ಮಾರ್ಕೆಟ್ಟಿನ ರೋಹು ಅಂದುಕೊಳ್ಳಬೇಡಿ. ರೋಹ್ತಿ ಚಪ್ಪಟೆ ಮೈಯ ಬೇರೆಯದೇ ಮೀನು. ರೋಹು ಮತ್ತು ಮೃಗಾಲ್ ಗಂಗಾ, ಸಿಂಧೂ ಕಡೆಯ ಮೀನುಗಳು. ಜಲಾಶಯಗಳಿಗೆ ಮರಿ ಬಿಟ್ಟು ಬಿಟ್ಟು ಅವು ಇಲ್ಲಿಯವೇ ಎಂಬಂತಾಗಿವೆ. ಭಾರತದ ಮೀನೇ ನಿಜ, ಭೀಮೆಯ ಮಟ್ಟಿಗೆ ಹೊರಗಿನದು.

ನುಕ್ತಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈ ಮೀನಿನ ಮೂತಿಯ ಮೇಲೆ ಕೊಂಬಿನಂತೆ ಮುಂದಕ್ಕೆ ಚಾಚಿದ ಗಡ್ಡೆ, ಅದರ ಕೆಳಗೆ ಆಳದ ಸೀಳು, ಮೇಲೆಲ್ಲ ಮೊಡವೆಯಂತಹ ಗುಳ್ಳೆ. ನೋಡಿದವರು ಇದಕ್ಕೇನೋ ರೋಗ ಬಂದಿದೆ ಅನ್ನಬೇಕು. ಸಕ್ಕರ್ ಮೀನಿಗಿಂತ ವಿಚಿತ್ರ. ಆದರೆ ಇದು ಅಪ್ಪಟ ಕೃಷ್ಣಾ ಕಣಿವೆಯ ಮೀನು, ಅಳಿವಿನ ಅಂಚಿನತ್ತ ಸಾಗುತ್ತಿರುವ ಮೀನು. ನಾಳೆ ಯಾರದಾದರೂ ಬಲೆಗೆ ನುಕ್ತಾ ಬಿದ್ದು, ಅದರ ಫೋಟೊ ವಿದೇಶಿ ರೋಗದ ಮೀನು ಎಂಬ ಹೆಸರಿನಲ್ಲಿ ಹರಿದಾಡಿ, ಜನ ಕಂಡಲ್ಲಿ ಹೊಡೆದು ಬಿಸಾಡಿದರೆ? ಇನ್ನೊಂದು ಕಡೆ ಜಿಲೇಬಿ ನೋಡಲು ಎಷ್ಟು ಸಾದಾ ಮೀನು. ಆಫ್ರಿಕಾದಿಂದ 1952ರಲ್ಲಿ ಭಾರತಕ್ಕೆ ಬಂದು, ಯಾರಿಗೂ ಅನುಮಾನ ಬಾರದಂತೆ ನದಿ ಕೆರೆಗಳನ್ನೆಲ್ಲ ತುಂಬಿಕೊಂಡಿದೆ. ಮುಖ ನೋಡಿ ಮನೆಯವರು, ಹೊರಗಿನವರು ಎಂದು ಹೇಳುವ ಪದ್ಧತಿ ಮೀನಿನಲ್ಲಿ ಪೂರ್ತಿ ಕೈಕೊಡುತ್ತದೆ.

ಪಟ್ಟಿಯ ತೂತು

ಸೈಕ್ಸ್ ಅವರನ್ನು ಹೊಗಳಿ ಮುಗಿಸುವಂತಿಲ್ಲ. ಹೊಸ ಜೀವಿಗೆ ಹೆಸರಿಟ್ಟವರು ಆ ಹೆಸರಿಗೆ ಆಧಾರವಾದ ಮೀನನ್ನೇ ಮ್ಯೂಸಿಯಮ್ಮಿನಲ್ಲಿ ಇಟ್ಟರೆ, ನಂತರದವರು ತೆಗೆದು ನೋಡಬಹುದು. ಜಮೀನಿನ ಮೂಲ ಪತ್ರ ಇದ್ದ ಹಾಗೆ. ಸೈಕ್ಸ್ ಹೆಸರಿಟ್ಟ ಹಲವು ಮೀನುಗಳ ಮೂಲ ಮಾದರಿ ಇಂದು ಸಿಗುತ್ತಿಲ್ಲ. ಉಳಿದದ್ದು ಚುಟುಕು ವಿವರಣೆ ಮತ್ತು ಚಿತ್ರ. ರೆಕ್ಕೆಯ ಕಡ್ಡಿ ಇಷ್ಟು, ಮೀಸೆ ಇಷ್ಟು ಎಂಬಷ್ಟರಲ್ಲೇ ಎಷ್ಟೋ ವಿವರಣೆ ಮುಗಿಯುತ್ತದೆ.

ಇದರ ಪರಿಣಾಮಕ್ಕೆ ಮುಸುಲ್ಲಾ ಸಾಕ್ಷಿ. ನೂರು ವರ್ಷದ ನಂತರ ಭಾರತದ ಮೀನು ವಿಜ್ಞಾನದ ದೊಡ್ಡ ಹೆಸರು ಸುಂದರ್ ಲಾಲ್ ಹೋರಾ, ಮುಸುಲ್ಲಾ ಎಂದರೆ ಮಹಶೀರ್ ಎಂದು ತೀರ್ಮಾನಿಸಿದರು. ದಶಕಗಳ ಕಾಲ ಪುಸ್ತಕಗಳು ಹಾಗೇ ಬರೆದವು. ಆಮೇಲೆ ಮೂಲ ವಿವರಣೆಯನ್ನು ಮತ್ತೆ ಓದಿ, ಮೀನುಗಳನ್ನು ಮತ್ತೆ ಹೋಲಿಸಿ, ಅದು ಮಹಶೀರ್ ಅಲ್ಲ, ಬೇರೆ ಪಂಗಡದ ಮೀನು ಎಂದಾಯಿತು. ಕಾವೇರಿಯ ದೊಡ್ಡ ಡುಬ್ಬದ ಮಹಶೀರಿಗೆ ಕೆಲವರು ಮುಸುಲ್ಲಾ ಎಂದೇ ಹೇಳುತ್ತಿದ್ದರು. ಆ ಗೊಂದಲ ನಡೆಯುತ್ತಿದ್ದಾಗಲೇ ಡುಬ್ಬದ ಮಹಶೀರ್ ಕರಗುತ್ತ ಹೋಯಿತು. ಅದನ್ನು ಕರಗಿಸಿದ್ದರಲ್ಲಿ ಸೈಕ್ಸ್ ಅವರ ಇನ್ನೊಂದು ಮೀನಿನ ಪಾಲಿದೆ.

ಖುದ್ರಿ ಕಾವೇರಿಗೆ ಹೋದ ಕತೆ

ಖುದ್ರಿ ಮುಳಾ ಮುಠಾ ನದಿಯ ಮೀನು, ಭೀಮೆಯ ಬಳಗದ್ದು. ದಖನ್ನಿನ ಮಹಶೀರ್ ಎನ್ನುವುದು ಇದನ್ನೇ. ಅಣೆಕಟ್ಟುಗಳು ಬಂದು ಮಹಶೀರ್ ಕಡಿಮೆಯಾದಾಗ, ಪುಣೆಯ ಹತ್ತಿರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ 1970ರ ದಶಕದಿಂದ ಖುದ್ರಿಯ ಮೊಟ್ಟೆ ತೆಗೆದು ಮರಿ ಮಾಡಲು ಶುರು ಮಾಡಿದರು. ಒಳ್ಳೆಯ ಉದ್ದೇಶ, ಕೆಲಸವೂ ಗೆದ್ದಿತು. ಮರಿಗಳನ್ನು ದೇಶದ ಬೇರೆ ಬೇರೆ ನೀರಿಗೆ ಬಿಟ್ಟರು. ಕಾವೇರಿಗೂ ಬಂದವು. ಮಹಶೀರ್ ಎಂದರೆ ಮಹಶೀರ್, ಅಳಿವಿನಂಚಿನ ಮೀನನ್ನು ಉಳಿಸುತ್ತಿದ್ದೇವೆ ಎಂದೇ ಎಲ್ಲರ ಭಾವನೆ.

ಕಾವೇರಿಗೆ ತನ್ನದೇ ಮಹಶೀರ್ ಇತ್ತು. ಐವತ್ತು ಕಿಲೋ ತೂಗುವ, ಬೆನ್ನು ಡುಬ್ಬದ ಮೀನು, ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಎಲ್ಲಿಯೂ ಇಲ್ಲ. ಗಾಳ ಹಾಕಿ, ತೂಕ ನೋಡಿ, ಮೀನನ್ನು ಮತ್ತೆ ನದಿಗೆ ಬಿಡುವ ಕ್ಯಾಂಪ್ ಗಾಲಿಬೋರೆಯಲ್ಲಿತ್ತು. ಅಲ್ಲಿನ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ಕೂತು ಲೆಕ್ಕ ಹಾಕಿದಾಗ ಒಂದು ವಿಷಯ ಎದ್ದು ಕಂಡಿತು. ಮಹಶೀರ್ ಸಂಖ್ಯೆ ಏರುತ್ತಿತ್ತು, ಆದರೆ ಏರುತ್ತಿದ್ದದ್ದು ನೀಲಿ ರೆಕ್ಕೆಯ, ಬಿಟ್ಟ ತಳಿಯ ಮೀನು. ಡುಬ್ಬದ ಮೀನು ಗಾಳಕ್ಕೆ ಸಿಗುವುದೇ ಅಪರೂಪವಾಗಿತ್ತು. ಅದಕ್ಕೆ ಆಗ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಹೆಸರಿಲ್ಲದ ಮೀನನ್ನು ಕೆಂಪು ಪಟ್ಟಿಗೆ ಸೇರಿಸುವುದು ಹೇಗೆ?

2018ರಲ್ಲಿ ಮೈಕಟ್ಟಿನ ಅಳತೆ ಮತ್ತು ಡಿಎನ್‌ಎ ಎರಡನ್ನೂ ಹಿಡಿದು, ಡುಬ್ಬದ ಮಹಶೀರ್ ಎಂದರೆ ಟಾರ್ ರೆಮಾದೇವಿ ಎಂದು ಸಂಶೋಧಕರು ತೋರಿಸಿದರು. ಕೇರಳದ ಪಾಂಬಾರ್ ನದಿಯ ಸಣ್ಣ ಮೀನುಗಳಿಗೆ ಅದಾಗಲೇ ಆ ಹೆಸರಿತ್ತು, ಎರಡೂ ಒಂದೇ ಎಂದು ತಿಳಿದಿರಲಿಲ್ಲ. ಅದೇ ವರ್ಷ ಅದು ಅಳಿವಿನ ತುತ್ತತುದಿಯ ಪಟ್ಟಿ ಸೇರಿತು. ಭೀಮೆಯ ಬಳಗದಲ್ಲಿ ಮನೆಮಗಳಾದ ಖುದ್ರಿ ಕಾವೇರಿಯಲ್ಲಿ ಮನೆ ಹೊಕ್ಕ ಹೊರಗಿನವಳು. ಎರಡೂ ನದಿ ಕರ್ನಾಟಕದಲ್ಲೇ ಹರಿಯುತ್ತವೆ. ವಿದೇಶಿ ಮೀನು ಎಂಬ ಮಾತಿಗಿಂತ, ಆ ನದಿಯದ್ದಲ್ಲದ ಮೀನು ಎನ್ನುವುದೇ ಸರಿ ಎಂದು ನಮಗೆ ಅನ್ನಿಸುವುದು ಇದಕ್ಕೇ.

ಒಂದು ಲೀಟರ್ ನೀರಿನಲ್ಲಿ ಏನು ಸಿಗುತ್ತದೆ?

ಈಗ ಫಾರ್ವರ್ಡ್ ವಿಷಯಕ್ಕೆ ವಾಪಸ್ ಬರೋಣ. ಸೊನ್ನದ ಹಿನ್ನೀರಿನಲ್ಲಿ ಸಕ್ಕರ್ ಇದೆಯೇ, ಆಫ್ರಿಕನ್ ಕ್ಯಾಟ್‌ಫಿಶ್ ಇದೆಯೇ ಎಂದು ಮೀನು ಹಿಡಿಯದೆಯೇ ತಿಳಿಯಬಹುದೇ? ತಿಳಿಯಬಹುದು, ಷರತ್ತುಗಳೊಂದಿಗೆ.

ಮೀನು ನೀರಿನಲ್ಲಿ ಸುಮ್ಮನೆ ಇರುವುದಿಲ್ಲ. ಮೈಯ ಲೋಳೆ ಬಿಡುತ್ತದೆ, ಹುರುಪೆ ಉದುರಿಸುತ್ತದೆ, ಮಲ ವಿಸರ್ಜಿಸುತ್ತದೆ. ಅದರಲ್ಲೆಲ್ಲ ಅದರ ಜೀವಕೋಶಗಳಿರುತ್ತವೆ, ಕೋಶದಲ್ಲಿ ಡಿಎನ್‌ಎ. ರೊಟ್ಟಿ ಬಡಿದ ಮನೆಯಲ್ಲಿ ಜೋಳದ ಹಿಟ್ಟು ಅಲ್ಲಲ್ಲಿ ಉಳಿದಿರುತ್ತದಲ್ಲ, ರೊಟ್ಟಿ ಕಾಣದಿದ್ದರೂ ಏನು ಮಾಡಿದ್ದರು ಎಂದು ಹೇಳಬಹುದು, ಹಾಗೆ. ನೀರನ್ನು ತಂದು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ, ಅಂಟಿದ್ದರಿಂದ ಡಿಎನ್‌ಎ ತೆಗೆಯುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಪಿಸಿಆರ್ ಯಂತ್ರವೇ ಇಲ್ಲೂ ಕೆಲಸ ಮಾಡುತ್ತದೆ. ಒಂದೇ ಮೀನನ್ನು ಹುಡುಕಬೇಕಾದರೆ ಅದಕ್ಕೆ ಮಾತ್ರ ಅಂಟುವ ರಾಸಾಯನಿಕ ಹಾಕುತ್ತಾರೆ. ಯಾವ ಯಾವ ಮೀನು ಇವೆ ಎಂದು ತಿಳಿಯಬೇಕಾದರೆ ಎಲ್ಲ ಮೀನಿನಲ್ಲೂ ಇರುವ ಒಂದು ಸಣ್ಣ ತುಣುಕನ್ನು ಓದಿ, ಗ್ರಂಥಾಲಯದಂತಹ ದತ್ತಾಂಶದೊಡನೆ ಹೋಲಿಸುತ್ತಾರೆ. ಕೋಶದ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನೇ ಹುಡುಕುವುದಕ್ಕೂ ಕಾರಣವಿದೆ: ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ನೂರಾರು, ಸಾವಿರಾರು. ಹಾಗಾಗಿ ಕೈಗೆ ಸಿಗುವ ಸಂಭವ ಹೆಚ್ಚು.

ಹೊರಗಿನ ಜೀವಿಯನ್ನು ಹೀಗೆ ನೀರಿನಿಂದಲೇ ಪತ್ತೆ ಹಚ್ಚಬಹುದೆಂದು ತೋರಿಸಿದ ಪ್ರಸಿದ್ಧ ಅಧ್ಯಯನ 2008ರದ್ದು. ಫ್ರಾನ್ಸಿನ ಹೊಂಡಗಳಲ್ಲಿ ಅಮೆರಿಕದ ಗೂಳಿಕಪ್ಪೆಯ ಡಿಎನ್‌ಎ ಸಿಕ್ಕಿತು. ಆಮೇಲೆ ಅಮೆರಿಕದ ಶಿಕಾಗೊ ಕಾಲುವೆಗಳಲ್ಲಿ ಬೆಳ್ಳಿ ಗೆಂಡೆ ಮತ್ತು ಅದರ ನೆಂಟನಾದ ದೊಡ್ಡತಲೆ ಗೆಂಡೆಯನ್ನು ಹುಡುಕಲು ಇದನ್ನೇ ಬಳಸಿದರು. ಮಹಾ ಸರೋವರಗಳಿಗೆ ಅವು ಹೋಗದಿರಲಿ ಎಂದು ಅಲ್ಲಿ ಕಾಲುವೆಯಲ್ಲಿ ವಿದ್ಯುತ್ ತಡೆಯನ್ನೇ ಹಾಕಿದ್ದಾರೆ. ಬೆಳ್ಳಿ ಗೆಂಡೆ ಎಂದರೆ 1959ರಲ್ಲಿ ಭಾರತಕ್ಕೆ ತಂದು, ನಾವೇ ಕೆರೆಗಳಿಗೆ ಬಿಡುವ ಮೀನು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವನ್ಯಜೀವಿ ಪ್ರಯೋಗಾಲಯ ನೀರಿನ ಡಿಎನ್‌ಎ ಮೇಲೆ ಕೆಲಸ ಮಾಡುತ್ತಿದೆ. ಕಲಬುರಗಿಯಿಂದ ಹೈದರಾಬಾದ್ ದೂರವೇನಲ್ಲ.

ಈಗ ಷರತ್ತುಗಳು. ನೀರಿನಲ್ಲಿ ಡಿಎನ್‌ಎ ಹೆಚ್ಚು ದಿನ ಬಾಳುವುದಿಲ್ಲ, ಬಿಸಿಲು, ಶಾಖ, ಬ್ಯಾಕ್ಟೀರಿಯಾ ಅದನ್ನು ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ ಮುರಿದುಹಾಕುತ್ತವೆ. ಹಾಗಾಗಿ ಸಿಕ್ಕಿದರೆ ಇತ್ತೀಚಿನದೇ. ಆದರೆ ಹರಿಯುವ ನದಿಯಲ್ಲಿ ಅದು ಕಿಲೋಮೀಟರುಗಟ್ಟಲೆ ತೇಲಿ ಬರುತ್ತದೆ. ಸೊನ್ನದ ಗೇಟಿನ ಬಳಿ ಸಿಕ್ಕ ಡಿಎನ್‌ಎ ಮೇಲಿನ ಊರಿನ ಮೀನಿನದ್ದಿರಬಹುದು. ಮೀನು ಮಾರುಕಟ್ಟೆ ತೊಳೆದ ನೀರು ನದಿಗೆ ಬಂದರೂ ಯಂತ್ರ ಹೌದು ಎನ್ನುತ್ತದೆ, ಮೀನು ತಿಂದ ಹಕ್ಕಿಯ ಹಿಕ್ಕೆ ಬಿದ್ದರೂ ಹೌದು ಎನ್ನುತ್ತದೆ. ಮೀನು ಬದುಕಿದೆಯೋ ಸತ್ತಿದೆಯೋ, ದೊಡ್ಡದೋ ಮರಿಯೋ ಅದು ಹೇಳದು. ಮಳೆಗಾಲದ ಭೀಮೆಯ ಕೆಂಪು ನೀರು ಸೋಸಲು ಹೊರಟರೆ ಫಿಲ್ಟರ್ ಕೆಲವೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ, ಮಣ್ಣಿನಲ್ಲಿರುವ ಕೆಲವು ಪದಾರ್ಥಗಳು ಪಿಸಿಆರ್ ಕೆಲಸವನ್ನೇ ತಡೆಯುತ್ತವೆ. 2020ರ ಅಕ್ಟೋಬರ್ ನೆರೆಯಂತಹ ಹೊತ್ತಿನಲ್ಲಿ, ಸಾಕಣೆ ಹೊಂಡಗಳ ಮೀನು ನದಿಗೆ ನುಗ್ಗುವ ಸಮಯದಲ್ಲೇ, ಪರೀಕ್ಷೆ ಅತಿ ಕಷ್ಟ. ಇದು ಸ್ವಲ್ಪ ಕ್ರೂರವೇ ಸರಿ.

ಎಲ್ಲಕ್ಕಿಂತ ದೊಡ್ಡ ಷರತ್ತು ಗ್ರಂಥಾಲಯದ್ದು. ನೀರಿನಲ್ಲಿ ಸಿಕ್ಕ ತುಣುಕನ್ನು ಯಾವ ಹೆಸರಿನ ಎದುರು ಇಡುತ್ತೀರಿ? ಆ ಹೆಸರಿನ ಅಡಿಯಲ್ಲಿ ಯಾರೋ ತಪ್ಪು ಮೀನಿನ ಡಿಎನ್‌ಎ ಸೇರಿಸಿದ್ದರೆ ಯಂತ್ರ ತಪ್ಪನ್ನೇ ನಿಷ್ಠೆಯಿಂದ ಹೇಳುತ್ತದೆ. ಮುಸುಲ್ಲಾ ಗೊಂದಲ ಪುಸ್ತಕದಲ್ಲಿ ಇದ್ದದ್ದು ಕಂಪ್ಯೂಟರಿಗೂ ಬರುತ್ತದೆ. ಮೂಲ ಮಾದರಿ ಕಳೆದುಹೋಗಿರುವಾಗ ಉಳಿದ ದಾರಿ, ಸೈಕ್ಸ್ ಬರೆದ ಊರಿಗೇ ಹೋಗಿ, ಅದೇ ನದಿಯಿಂದ ಹೊಸ ಮೀನು ಹಿಡಿದು, ಅವರ ವಿವರಣೆಗೆ ಹೋಲಿಸಿ, ಅದರ ಡಿಎನ್‌ಎ ದಾಖಲಿಸುವುದು. ಸುಮಾರು 180 ವರ್ಷ ಹಳೆಯ ಆ ಪುಟಗಳನ್ನು ಸಂಶೋಧಕರು ಇನ್ನೂ ತೆರೆಯುವುದು ಇದಕ್ಕೇ. ತೊಂದರೆ ಎಂದರೆ ಪುಣೆಯ ಇಂದಿನ ಮುಳಾ ಮುಠಾ ನಗರದ ಕೊಳಚೆ ಹೊರುವ ನದಿ.

ಲಂಡನ್ನಿನ ಕೊನೆಯ ವರ್ಷಗಳು

ಸೈಕ್ಸ್ ಮತ್ತೆ ಭೀಮೆಯನ್ನು ನೋಡಲಿಲ್ಲ. 1834ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಕಟ್ಟಿದವರಲ್ಲಿ ಒಬ್ಬರಾದರು, ಮುಂದೆ 1863ರಲ್ಲಿ ಅದರ ಅಧ್ಯಕ್ಷರೂ ಆದರು. ಸೈನ್ಯದಿಂದ ನಿವೃತ್ತಿಯಾಗಿ 1840ರಲ್ಲಿ ಕಂಪನಿಯ ನಿರ್ದೇಶಕ, 1856ರಲ್ಲಿ ಅಧ್ಯಕ್ಷ. ಅಂದರೆ ಹದಿಮೂರರಲ್ಲಿ ಸೇರಿದ ಕಂಪನಿಯ ತುದಿಗೇ ಏರಿದರು. ಹುದ್ದೆ ಏರಿದ ಮರುವರ್ಷವೇ 1857ರ ದಂಗೆ, ಅದರ ಮರುವರ್ಷ ಕಂಪನಿಯ ಆಡಳಿತವೇ ಮುಗಿಯಿತು. 1857ರಿಂದ ಸಾಯುವವರೆಗೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಿಂದ ಪಾರ್ಲಿಮೆಂಟ್ ಸದಸ್ಯ. ವಯಸ್ಸಾದ ಮೇಲೂ ಕುತೂಹಲ ಬಿಡಲಿಲ್ಲ, ಬಲೂನಿನಲ್ಲಿ ಮೇಲೇರಿ ಗಾಳಿಯನ್ನು ಅಳೆಯುವ ಪ್ರಯೋಗಗಳ ಸಮಿತಿಗೆ ಅವರೇ ಮುಂದಾಳು. 1872ರ ಜೂನ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಡಿಎನ್‌ಎ ಎಂದು ನಾವು ಕರೆಯುವ ವಸ್ತುವನ್ನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಶರ್ ಮೊದಲು ಬೇರ್ಪಡಿಸಿ ಆಗ ಮೂರು ವರ್ಷವಾಗಿತ್ತು. ಅದೇನು ಕೆಲಸ ಮಾಡುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಸೊನ್ನದಲ್ಲಿ ಬಲೆ ಹಾಕುವವರಿಗೆ

ಭೀಮೆಯಲ್ಲಿ ಅಪರಿಚಿತ ಮೀನು ಸಿಕ್ಕರೆ ಪಕ್ಕದಿಂದ ಒಂದು, ಬಾಯಿ ಕಾಣುವಂತೆ ಹೊಟ್ಟೆಯ ಕಡೆಯಿಂದ ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯವೋ ಪೆನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ದಿನ, ಜಾಗ ಬರೆದುಕೊಳ್ಳಿ, ನಿಮ್ಮ ಊರಲ್ಲಿ ಅದಕ್ಕೆ ಹೆಸರಿದ್ದರೆ ಆ ಹೆಸರನ್ನೂ. ಜಿಲೇಬಿ, ಸಕ್ಕರ್, ಆಫ್ರಿಕನ್ ಕ್ಯಾಟ್‌ಫಿಶ್ ಎಂದು ಖಾತ್ರಿಯಾದರೆ ಮತ್ತೆ ನೀರಿಗೆ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದೆ. ಮೂತಿಯ ಮೇಲೆ ಕೊಂಬಿದ್ದರೆ ಅದು ನುಕ್ತಾ ಇರಬಹುದು, ಬದುಕಿದ್ದರೆ ಫೋಟೊ ತೆಗೆದು ಬಿಟ್ಟುಬಿಡಿ.

ಯಾವುದೆಂದು ತಿಳಿಯದ ಸತ್ತ ಮೀನಾದರೆ ರೆಕ್ಕೆಯ ತುದಿಯನ್ನು ಶುದ್ಧ ಬ್ಲೇಡಿನಿಂದ ಕತ್ತರಿಸಿ ಒಣ ಉಪ್ಪಿನಲ್ಲಿ ಹುಗಿದಿಡಿ, ಇಲ್ಲವೇ ಫ್ರೀಜರಿನಲ್ಲಿಡಿ. ಫಾರ್ಮಾಲಿನ್ ಹಾಕಬೇಡಿ, ಅದು ಡಿಎನ್‌ಎ ಹಾಳು ಮಾಡುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಅಥವಾ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಫೋಟೊದೊಂದಿಗೆ ಕೊಡಿ. ಚೂರು ಕಡಲೆಕಾಳಿನಷ್ಟಿದ್ದರೆ ಸಾಕು.